ಹೊಂಡದ ನೀರು, ಅಣ್ಣನ ಕೈ

ಹೊಂಡದ ಮಗ್ಗುಲ ಮನೆ,
ಕೆಳಗಿನ ಬೀದಿ.
ಮಂಗಳವಾರ, ತಾರೀಖು ಹದಿನಾಲ್ಕು

ಪ್ರೀತಿಯ ಅಣ್ಣಾ,

ಕೈ ಹೇಗಿದೆ? ಹೊಲಿಗೆ ಬಿಚ್ಚಿದರಾ? ಕೀವು ಗೀವು ಆಗಿಲ್ಲ ತಾನೇ? ಇಲ್ಲದ ಬೆರಳು ನೋಯುತ್ತದೆ ಅಂತ ನೀನು ನರ್ಸಮ್ಮನ ಹತ್ತಿರ ಹೇಳಿದರೆ ಅವಳು ನಂಬಲೇ ಇಲ್ಲವಂತೆ, ನಿನ್ನನ್ನು ಆಸ್ಪತ್ರೆಗೆ ಸೇರಿಸಿ ಬಂದ ಜೀಪಿನವನು ಹೇಳಿದ. ನಾನು ನಂಬುತ್ತೇನೆ. ಈ ಕಾಗದದಲ್ಲಿ ನನ್ನ ಅಕ್ಷರ ಕಂಡ ಕೂಡಲೇ ಹರಿದು ಎಸೆಯಬೇಕು ಅನ್ನಿಸುತ್ತದೆ ನಿನಗೆ, ಆಮೇಲೆ ಹರಿಯೋಕೂ ಎರಡು ಕೈ ಬೇಕಲ್ಲೇ ಅಂತ ನೀನೇ ಗೊಣಗಿಕೊಳ್ಳುತ್ತೀಯ. ನಿನ್ನ ಹಾಸ್ಯ ಯಾವತ್ತೂ ಹಾಗೆ, ಬೇವಿನ ಕಷಾಯ. ಹರಿಯಬೇಡ, ಓದು. ನಾನು ಚೆನ್ನಾಗಿದ್ದೇನೆ ಅಂತ ಬರೆಯುವುದು ವಾಡಿಕೆ, ಆದರೆ ನಿನಗೆ ಸುಳ್ಳು ಬರೆಯೋಕೆ ಇಷ್ಟು ದಿನ ಕಾಯಬೇಕಿರಲಿಲ್ಲ. ನಾನು ಚೆನ್ನಾಗಿಲ್ಲ.

ಅವತ್ತಿನ ಸಂಗತಿಯನ್ನು ಮೊದಲಿನಿಂದ ಹೇಳುತ್ತೇನೆ. ನನಗೆ ಗೊತ್ತಿಲ್ಲದ್ದೇನು ಹೇಳುತ್ತೀಯೇ ಅಂತೀಯ. ಗೊತ್ತಿದೆ. ಆದರೆ ನಿನ್ನ ಹಾಸಿಗೆ ಪಕ್ಕ ಕೂತು ಇನ್ಸ್‌ಪೆಕ್ಟರ್ ಬರೆದುಕೊಂಡ ಹೇಳಿಕೆಯನ್ನು ಠಾಣೆಯಲ್ಲಿ ನನಗೆ ಓದಿ ಹೇಳಿದರು. ಅದರಲ್ಲಿ ನೀನಿದ್ದೀಯ, ನನ್ನ ಗಂಡ ಇದ್ದಾರೆ, ಮಚ್ಚು ಇದೆ. ನಾನೊಬ್ಬಳೇ ಇಲ್ಲ. ಹಾಗಾಗಿ ನನ್ನ ಬಾಯಿಂದಲೂ ಒಂದು ಸಲ ಕೇಳಿಬಿಡು.

ಜಗಳದ ಬೇರು ಎಲ್ಲಿ ಅಂತ ಅಗೆದು ನೋಡಿದರೆ ಹೊರಗಿನವರಿಗೆ ನಗು ಬಂದೀತು. ಕಕ್ಕಸಿನ ನೀರು. ಮಳೆ ದಾರಿ ತಪ್ಪಿ ಕೂಡ ಬರದ ಈ ಊರಿಗೆ ಕುಡಿಯುವ ನೀರು ಲಾರಿಯಲ್ಲಿ ಬರಬೇಕು. ಅಂಥ ಊರಲ್ಲಿ ಮಿಂದದ್ದು, ತೊಳೆದದ್ದು, ಕಕ್ಕಸಿಗೆ ಸುರಿದದ್ದು ಎಲ್ಲ ಒಂದೇ ಕೊಳವೆಯಲ್ಲಿ ತಗ್ಗಿಗೆ ಬರಲಿ, ಅಲ್ಲಿ ಶುದ್ಧ ಮಾಡೋಣ ಅಂದಾಗ ಮೇಲಿನ ಬೀದಿಯವರು ನೀವು ಮೂಗು ಮುಚ್ಚಿಕೊಂಡೇ ಒಪ್ಪಿದಿರಿ. ತಗ್ಗು ನಮ್ಮದು ತಾನೇ. ಮೊದಲ ವರ್ಷ ನಮ್ಮ ಬೀದಿಗೆ ನೆಂಟರು ಕಾಲಿಡಲಿಲ್ಲ. ಅನ್ನದ ತಟ್ಟೆಯಲ್ಲಿ ಸೊಳ್ಳೆ ಬೀಳುತ್ತಿದ್ದವು. ಹೂಳು ಕೂರುವ ಮುಚ್ಚಿದ ತೊಟ್ಟಿ ಕಟ್ಟಿದವನು ನೀನೇ. ನಾನು ಗಾರೆ ಕಲಸಿ ಕೊಟ್ಟೆ, ಚಿಕ್ಕಂದಿನಲ್ಲಿ ನಿನ್ನ ಹಿಂದೆ ಇಟ್ಟಿಗೆ ಹೊತ್ತು ತಿರುಗಿದವಳಿಗೆ ಅದೇನು ಹೊಸದಲ್ಲ. ಒಂದು ಹನಿ ಸೋರಿದರೆ ನಾನು ಅರ್ಧ ಮೀಸೆ ಬೋಳಿಸಿಕೊಂಡು ಬೀದಿ ಸುತ್ತುತ್ತೇನೆ ಅಂತ ನೀನು ಅಂದಿದ್ದೆ. ತೊಟ್ಟಿಯಿಂದ ಹೊರಟ ನೀರು ಜಲ್ಲಿಯ ಮಡಿಯಲ್ಲಿ ಜೊಂಡಿನ ಬೇರುಗಳ ನಡುವೆ ಸೋಸಿಕೊಂಡು, ಹೊಂಡದಲ್ಲಿ ಬಿಸಿಲಿಗೆ ಕಾದು, ಆಮೇಲೆ ಮೇವಿನ ಹೊಲಕ್ಕೆ ಹೋಗಬೇಕು. ಇದನ್ನೆಲ್ಲ ನೋಡಿಕೊಳ್ಳುವ ಕೆಲಸ ನನ್ನ ಗಂಡನಿಗೆ ಬಂತು. ನಿಮ್ಮ ಬೀದಿಯಲ್ಲಿ ಅವರಿಗೆ ಹೇಲುಗಾವಲು ಅಂತ ಹೆಸರಿಟ್ಟರು. ನೀನೂ ನಕ್ಕೆ. ಅವರೂ ನಕ್ಕರು ಅನ್ನು.

ಜೊಂಡು ಬೇರು ಹಿಡಿದ ಮೇಲೆ ವಾಸನೆ ಹೋಯಿತು. ಹೊಂಡದ ತಳದ ಕಲ್ಲು ಕಾಣುವಷ್ಟು ನೀರು ತಿಳಿಯಾಯಿತು. ಸುತ್ತ ಎಲ್ಲ ಸುಟ್ಟ ರೊಟ್ಟಿಯ ಹಾಗಿರುವ ನೆಲದಲ್ಲಿ ನಮ್ಮ ತಗ್ಗಿನಲ್ಲಿ ಮಾತ್ರ ಸೊಂಟದೆತ್ತರ ಹಸಿರು ಮೇವು. ನಮ್ಮ ಹಸುಗಳ ಕೆಚ್ಚಲು ತುಂಬಿತು, ನಿಮ್ಮ ಕಣ್ಣಲ್ಲಿ ಹೊಟ್ಟೆಕಿಚ್ಚು ತುಂಬಿತು. ನೀರು ನಮ್ಮದು, ನಾವು ಮಿಂದು ಕಳಿಸಿದ್ದು, ಪಂಪು ಹಾಕಿ ವಾಪಸ್ ಒಯ್ಯುತ್ತೇವೆ ಅಂತ ನಿಮ್ಮ ಬೀದಿಯ ಅಂಗಡಿಯವನು ಪಂಚಾಯ್ತಿಯಲ್ಲಿ ಎದ್ದು ನಿಂತ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಆಗೋದು ಬೇಡ ಅಂದ. ಅರ್ಧ ಕೊಡೋಣ ಅಂತ ನಮ್ಮಲ್ಲೂ ಒಂದಿಬ್ಬರು ಅನ್ನುವಷ್ಟರಲ್ಲಿ ನನ್ನ ಗಂಡ ಬಾಯಿ ಬಿಟ್ಟರು. ಕೊಟ್ಟದ್ದು ವಾಪಸ್ ಬೇಕಾದರೆ ಕೊಟ್ಟ ಹಾಗೇ ತಗೊಂಡು ಹೋಗಿ, ಬಕೆಟ್ಟು ನಾನೇ ತುಂಬಿ ಕೊಡ್ತೀನಿ ಅಂದರು. ನಮ್ಮವರು ಕೇಕೆ ಹಾಕಿದರು. ನಿನ್ನ ಮುಖ ಕಪ್ಪಿಟ್ಟಿದ್ದನ್ನು ನಾನು ನೋಡಿದೆ. ಆ ಮಾತು ಆಡಬಾರದಿತ್ತು ಅಂತ ಮನೆಗೆ ಬಂದು ಅವರಿಗೆ ಹೇಳಿದೆ ಕೂಡ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು.

ಆಮೇಲೆ ಕೈಗಳೇ ಮಾತಾಡಿದವು. ನೀವು ಮೇಲ್ಗಡೆ ಕೊಳವೆ ಕೊಯ್ದು ಕೊಳಚೆಯನ್ನು ಹಸಿಹಸಿಯಾಗಿ ನಿಮ್ಮ ಸೊಪ್ಪಿನ ಮಡಿಗಳಿಗೆ ಬಿಟ್ಟುಕೊಂಡಿರಿ. ಇಲ್ಲಿ ಜೊಂಡು ಒಣಗಿ ತರಗೆಲೆಯ ಹಾಗೆ ಸದ್ದು ಮಾಡತೊಡಗಿತು. ಜೋಡಿಸಿ ಬರುತ್ತೇನೆ ಅಂತ ಹೋದ ನನ್ನ ಗಂಡನನ್ನು ಅಂಗಡಿಯವನ ಆಳುಗಳು ಕೊಳವೆಯ ತುಂಡಿನಲ್ಲೇ ಹೊಡೆದರು. ಎಡಗಿವಿ ಹರಿದು ಜೋಲುತ್ತಿತ್ತು. ಅದನ್ನು ಒಂದು ಕೈಯಲ್ಲಿ ಒತ್ತಿ ಹಿಡಿದುಕೊಂಡು, ಬಿದ್ದುಹೋಗುತ್ತದೋ ಅನ್ನುವ ಹಾಗೆ, ನಡೆದು ಬಂದರು. ನೀನು ಆ ಗುಂಪಿನಲ್ಲಿ ಇರಲಿಲ್ಲ. ಅದನ್ನು ನಾನು ಎಲ್ಲರಿಗೂ ಹೇಳಿದ್ದೇನೆ. ಮಾರನೆಯ ದಿನ ನನ್ನ ಗಂಡ ಮಾಡಿದ್ದನ್ನೂ ಮುಚ್ಚಿಡುವುದಿಲ್ಲ. ಗೋಣಿಚೀಲಕ್ಕೆ ಹಸಿ ಗಾರೆ ತುಂಬಿ, ನೀವು ಕೊಯ್ದ ಜಾಗಕ್ಕಿಂತ ಮೇಲೆ ಹೋಗಿ, ಕೊಳವೆಯ ಬಾಯಿಗೆ ತುರುಕಿ ಬಂದರು. ಸಿಮೆಂಟು ಒಳಗೇ ಕಲ್ಲಾಯಿತು. ಹೊರಗೆ ಹೋಗಲು ದಾರಿಯಿಲ್ಲದ ಕೊಳಚೆ ನಿಮ್ಮ ಮನೆಗಳೊಳಗೇ ಉಕ್ಕಿತು. ನಿನ್ನ ಮನೆಯಲ್ಲಿ, ನೀನು ಮೂರು ಸಲ ಪಾಲಿಶ್ ಮಾಡಿಸಿದ್ದ ಅಡುಗೆಮನೆಯ ನೆಲದ ಮೇಲೆ, ಮಂಡಿಯವರೆಗೆ. ಅದನ್ನು ನೋಡಿದ ನಿನಗೆ ಏನಾಗಿರಬೇಕು ಅಂತ ನನಗೆ ಅರ್ಥವಾಗುತ್ತದೆ ಅಣ್ಣಾ. ಆದರೆ ನೀನು ಬಂದ ರೀತಿ ನನಗೆ ಈಗಲೂ ಅರ್ಥವಾಗುವುದಿಲ್ಲ.

ನಾನು ಮಡಿಯ ಆಚೆ ತುದಿಯಲ್ಲಿ ಒಣಗಿದ ಜೊಂಡು ಕಡಿಯುತ್ತಿದ್ದೆ. ಅವರು ತೊಟ್ಟಿಯ ಮುಚ್ಚಳ ತೆಗೆದು, ಬಗ್ಗಿ, ಕೆನೆಗಟ್ಟಿದ ಕೊಳೆಯನ್ನು ಕೋಲಿನಲ್ಲಿ ಎಳೆಯುತ್ತಿದ್ದರು. ನೀನು ಒಂದು ಮಾತೂ ಆಡದೆ ಬಂದೆ. ಬೈದಿದ್ದರೆ ನನಗೆ ಭಯವಾಗುತ್ತಿರಲಿಲ್ಲ, ನಿನ್ನ ಬೈಗುಳ ನಾನು ತೊಟ್ಟಿಲಿನಿಂದ ಕೇಳಿದವಳು. ಹಿಂದಿನಿಂದ ಅವರ ಕುತ್ತಿಗೆ ಹಿಡಿದೆ, ಮಂಡಿಯನ್ನು ಬೆನ್ನಿಗೆ ಊರಿದೆ, ತಲೆಯನ್ನು ತೊಟ್ಟಿಯ ಬಾಯೊಳಗೆ ಅದ್ದಿದೆ. ಮೊದಲು ಹೆದರಿಸುತ್ತಿದ್ದೀಯ ಅಂದುಕೊಂಡು ನಾನು ಓಡಿ ಬರುತ್ತಲೇ ಬಿಡೋ ಸಾಕು ಅಂದೆ. ನೀನು ಬಿಡಲಿಲ್ಲ. ಅವರ ಕಾಲು ಜಲ್ಲಿಯನ್ನು ಒದೆಯುತ್ತಿತ್ತು, ಆಮೇಲೆ ಒದೆತ ನಿಧಾನವಾಯಿತು. ನಿನ್ನ ಸೊಂಟ ಹಿಡಿದು ಎಳೆದೆ. ಮೊಣಕೈಯಲ್ಲಿ ನನ್ನ ಬಾಯಿಗೆ ಕೊಟ್ಟೆ, ಒಂದು ಹಲ್ಲು ಅಲ್ಲೇ ಉದುರಿತು. ಅಣ್ಣಾ ಸತ್ತೋಗ್ತಾರೆ ಕಣೋ ಅಂದೆ. ನೀನು ತಿರುಗಿ ನನ್ನ ಮುಖ ನೋಡಿದೆ. ನನ್ನ ಮುಖ ನೋಡಿ, ಸಾಯ್ಲಿ ಅಂದೆ. ನನ್ನ ಕೈಯಲ್ಲಿ ಜೊಂಡು ಕಡಿಯುವ ಮಚ್ಚಿತ್ತು. ಕುತ್ತಿಗೆ ಹಿಡಿದಿದ್ದ ನಿನ್ನ ಬಲಗೈಯ ಕೊನೆಯ ಬೆರಳುಗಳು ತೊಟ್ಟಿಯ ಅಂಚಿನ ಮೇಲಿದ್ದವು. ಹೊಡೆದೆ. ಎರಡು ಸಲ. ಮೊದಲನೆಯದು ಸಿಮೆಂಟಿಗೆ ತಾಗಿ ಕಿಡಿ ಹಾರಿತು.

ನೀನು ಕೈಯನ್ನು ಮುಖದ ಹತ್ತಿರ ತಂದು ಯಾರದ್ದೋ ಕೈ ಅನ್ನುವ ಹಾಗೆ ನೋಡಿಕೊಂಡೆ. ಕಿರುಬೆರಳು, ಉಂಗುರದ ಬೆರಳು ಇರಲಿಲ್ಲ. ನಾನು ನಿನ್ನನ್ನು ದಾಟಿ ಹೋಗಿ ಅವರನ್ನು ಎಳೆದು ಮಗುಚಿ ಹಾಕಿದೆ, ಬಾಯೊಳಗೆ ಬೆರಳು ಹಾಕಿ ಹೂಳು ಬಗೆದೆ, ಬೆನ್ನಿಗೆ ಗುದ್ದಿದೆ. ಕಪ್ಪಗೆ ವಾಂತಿ ಮಾಡಿಕೊಂಡು ಉಸಿರು ಎಳೆದರು. ಆ ಹೊತ್ತಿನಲ್ಲಿ ನಿನ್ನ ಕಡೆ ತಿರುಗಿ ನೋಡಬೇಕು ಅಂತ ನನಗೆ ತೋಚಲೇ ಇಲ್ಲ. ನಿನ್ನ ಕೈಗೆ ಬಟ್ಟೆ ಬಿಗಿದವರು ನಮ್ಮತ್ತೆ. ಜೊಂಡಿನ ಬುಡದಲ್ಲಿ ತಡಕಾಡಿ ಎರಡೂ ಬೆರಳು ಹುಡುಕಿ, ತೊಳೆದು, ಸೆರಗಿನ ತುದಿ ಹರಿದು ಸುತ್ತಿ, ನಿನ್ನನ್ನು ಆಸ್ಪತ್ರೆಗೆ ಒಯ್ಯುತ್ತಿದ್ದ ಜೀಪಿನ ಹಿಂದೆ ಆ ವಯಸ್ಸಿನಲ್ಲಿ ಬರಿಗಾಲಲ್ಲಿ ಓಡಿ ಕಿಟಕಿಯೊಳಗೆ ಕೊಟ್ಟರು. ಆ ಬಿಸಿಲಿನಲ್ಲಿ ಅಷ್ಟು ದೂರ ಒಯ್ದ ಬೆರಳುಗಳು ಕೈಗೆ ಕೂಡಲಿಲ್ಲ ಅಂತ ಗೊತ್ತಾದಾಗ ಅವರು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ನಿನ್ನನ್ನು ಕಂಡರೆ ಆಗದ ಹೆಂಗಸು ಅವರು, ನೆನಪಿರಲಿ.

ಇಷ್ಟು ನಿನಗೆ ಗೊತ್ತಿದ್ದದ್ದು. ಇನ್ನು ನೀನು ಇಲ್ಲದಾಗ ಆದದ್ದು. ಮಾರನೆಯ ಬೆಳಗ್ಗೆಯೇ ಪೊಲೀಸರು ನಿನ್ನ ಹೇಳಿಕೆ ಹಿಡಿದು ಬಂದು ನನ್ನ ಗಂಡನನ್ನು ಒಯ್ದರು. ಇನ್ನೂ ಕೆಮ್ಮಿದರೆ ಕೊಳೆ ಬರುತ್ತಿತ್ತು. ನಾನು ಹೊಡೆದದ್ದು ಅಂತ ಜೀಪಿನ ಮುಂದೆ ಅಡ್ಡ ನಿಂತೆ. ಗಂಡನನ್ನು ಬಿಡಿಸಿಕೊಳ್ಳೋಕೆ ಎಲ್ಲ ಹೆಂಡಂದಿರೂ ಇದನ್ನೇ ಹೇಳುತ್ತಾರಮ್ಮ, ಅಣ್ಣನ ಕೈ ಕಡಿಯುವ ತಂಗಿಯನ್ನು ನಾವು ಎಲ್ಲೂ ಕಂಡಿಲ್ಲ ಅಂದರು. ಪೊಲೀಸರು ಹೋದ ಮೇಲೆ, ಮಟಮಟ ಮಧ್ಯಾಹ್ನ, ನಿಮ್ಮ ಬೀದಿಯ ಗಂಡಸರು ಹಾರೆ ಪಿಕಾಸಿ ಹಿಡಿದು ಇಳಿದರು. ಒಣಗಿಯೂ ಉಳಿದಿದ್ದ ನಮ್ಮ ಮೇವಿಗೆಲ್ಲ ಸೀಮೆಎಣ್ಣೆ ಹಾಕಿ ಸುಟ್ಟರು. ಗಬ್ಬದ ಹಸುವಿನ ಹಿಂಗಾಲಿಗೆ ಅಂಗಡಿಯವನು ಹಾರೆಯಲ್ಲಿ ಹೊಡೆದ, ಅದು ಎದ್ದು ನಿಲ್ಲಲಾಗದೆ ಮುಂಗಾಲಲ್ಲೇ ತೆವಳಿತು. ಸಂಜೆಯವರೆಗೆ ಅರಚಿ ಸತ್ತಿತು. ನಮ್ಮ ಮನೆಗೆ ನುಗ್ಗಿ ಹಿಟ್ಟಿನ ಡಬ್ಬಕ್ಕೆ, ಹಾಸಿಗೆಗೆ, ಪೆಟ್ಟಿಗೆಯಲ್ಲಿದ್ದ ನನ್ನ ಮದುವೆ ಸೀರೆಗೆ ಹೂಳು ಸುರಿದರು. ನಮ್ಮತ್ತೆ ಒನಕೆ ಹಿಡಿದು ಬಾಗಿಲಲ್ಲಿ ನಿಂತು ಒಬ್ಬನ ಮೊಣಕಾಲು ಚಿಪ್ಪು ಒಡೆದರು, ಇನ್ನೊಬ್ಬ ಅವರನ್ನು ಗೋಡೆಗೆ ಅಪ್ಪಳಿಸಿದ. ಭುಜದ ಮೂಳೆ ಮುರಿದಿದೆ. ಕೈಯನ್ನು ಕುತ್ತಿಗೆಗೆ ಕಟ್ಟಿಕೊಂಡೇ ಈಗ ನನ್ನ ಅಡುಗೆಗೆ ಹೆಸರಿಡುತ್ತಿದ್ದಾರೆ, ಹಾಗಾಗಿ ಬದುಕುತ್ತಾರೆ ಅಂತ ಧೈರ್ಯ.

ತೊಟ್ಟಿ ಒಡೆಯಲು ನೋಡಿದರು. ನಾಲ್ಕು ಜನ ಸರದಿಯಲ್ಲಿ ಹಾರೆ ಹಾಕಿದರೂ ನೀನು ಕಟ್ಟಿದ ಗೋಡೆಯಿಂದ ಒಂದು ಚಕ್ಕೆ ಎದ್ದಿತೇ ಹೊರತು ಬಿರುಕು ಬಿಡಲಿಲ್ಲ. ನನ್ನ ಮನೆ ಹಾಳಾಗುತ್ತಿದ್ದ ಆ ಹೊತ್ತಿನಲ್ಲೂ, ನಮ್ಮಣ್ಣನ ಕೆಲಸ ಅಂದರೆ ಹಾಗೆ ಅಂತ ಒಂದು ಹೆಮ್ಮೆ ಬಂದುಹೋಯಿತು. ಎಂಥ ಹುಚ್ಚಿ ನಾನು. ತೊಟ್ಟಿ ಬಗ್ಗದೇ ಹೋದದ್ದಕ್ಕೆ ಅವರು ತೊಟ್ಟಿಯಿಂದ ಹೂಳು ಹೊರಬಿಡುವ ಕೊಳವೆಯನ್ನು ಕಿತ್ತರು, ಹೊಂಡದ ಮಣ್ಣಿನ ಏರಿಯನ್ನು ಕಡಿದರು. ಹೂಳೂ ಹೊಂಡದ ನೀರೂ ಸೇರಿಕೊಂಡು ಕಪ್ಪಗೆ ನಮ್ಮ ಬೀದಿಯ ಮೇಲೆ ಹರಿಯಿತು. ಅವರು ಚಪ್ಪಾಳೆ ತಟ್ಟಿ ನಕ್ಕರು. ನೀರಿಗೆ ಯಾರ ಬೀದಿ ಅಂತ ಗೊತ್ತೇ? ಅದು ನಮ್ಮ ಬೀದಿ ದಾಟಿ, ಒಣ ಹಳ್ಳ ಹಿಡಿದು, ಲಾರಿ ಬಂದು ನಿಲ್ಲುವ ಕಡೆ ಹೋಯಿತು. ಅಲ್ಲಿ ನೆಲದೊಳಗೆ ಕುಡಿಯುವ ನೀರಿನ ತೊಟ್ಟಿ ಇರುವುದು. ಎರಡೂ ಬೀದಿಗೂ ಅದೊಂದೇ.

ಮೂರ್ನಾಲ್ಕು ದಿನದಲ್ಲಿ ಮೇಲಿನ ಬೀದಿಗೆ ಬೀದಿಯೇ ಮಲಗಿತು. ವಾಂತಿ, ಭೇದಿ. ನಾವು ಕೆಳಗಿನವರು ಹೂಳು ಹೋದ ದಾರಿಯನ್ನು ಕಣ್ಣಾರೆ ಕಂಡಿದ್ದರಿಂದ ನೀರು ಕುದಿಸಿ ಕುಡಿದೆವು. ಮೇಲೆ ಬಂದು ಕೂಗಿ ಹೇಳಿದರೆ, ನೀರು ಮುಟ್ಟದಂತೆ ಮಾಡುವ ಹೂಟ ಇದು ಅಂತ ನಿಮ್ಮವರು ಕಲ್ಲು ಬೀಸಿದರು. ಅಂಗಡಿಯವನ ತಾಯಿ ತೀರಿಕೊಂಡರು. ನಮಗಿಬ್ಬರಿಗೂ ಚಿಕ್ಕವರಿದ್ದಾಗ ಬೆಲ್ಲ ಕೊಡುತ್ತಿದ್ದ ಅದೇ ಅಜ್ಜಿ. ಹೆಣ ಎತ್ತಲು ನಿಮ್ಮ ಬೀದಿಯಲ್ಲಿ ಕಾಲ ಮೇಲೆ ನಿಲ್ಲುವ ನಾಲ್ಕು ಗಂಡಸರು ಇರಲಿಲ್ಲ. ನಮ್ಮ ಬೀದಿಯಿಂದ ಹೋದರು. ಅಂಗಡಿಯವನು ಹೊಸ್ತಿಲ ಮೇಲೆ ಕೂತು, ನಮ್ಮ ಹಸುವಿನ ಕಾಲು ಮುರಿದ ಅದೇ ಕೈಗಳಿಂದ ತನ್ನ ತಲೆ ಚಚ್ಚಿಕೊಂಡ. ನೋಡಿ ನನಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ.

ನಿನ್ನ ಹೆಂಡತಿ, ನನ್ನ ಅತ್ತಿಗೆ, ಒಬ್ಬರೇ ಮಲಗಿದ್ದಾರೆ ಅಂತ ತಿಳಿದು ಕುದಿಸಿದ ನೀರು, ಉಪ್ಪು ಸಕ್ಕರೆ ಹಿಡಿದು ಹೋದೆ. ಗಂಡನ ಕೈ ತಿಂದವಳು ಅಂತ ನನ್ನ ಮುಖಕ್ಕೆ ಉಗಿದರು. ಬಾಗಿಲು ಹಾಕುವಾಗ ಒಳಗಿಟ್ಟಿದ್ದ ನನ್ನ ಕಾಲು ತೆಗೆಯಲಿಲ್ಲ, ಅವರೂ ತಳ್ಳುವುದು ಬಿಡಲಿಲ್ಲ. ಹೆಬ್ಬೆರಳಿನ ಉಗುರು ಕಿತ್ತುಹೋಯಿತು. ಆಮೇಲೆ ತಳ್ಳಲು ಶಕ್ತಿ ಸಾಲದೆ ಅವರೇ ಬಾಗಿಲ ಹಿಂದೆ ಕುಸಿದರು. ಬಟ್ಟೆಯೆಲ್ಲ ಹೊಲಸಾಗಿತ್ತು. ತೊಳೆದೆ, ಒರೆಸಿದೆ, ಚಮಚದಲ್ಲಿ ನೀರು ಹನಿಸಿದೆ. ಹಲ್ಲು ಬಿಗಿಹಿಡಿದಿದ್ದವರು ಸಂಜೆ ಹೊತ್ತಿಗೆ ತಾವೇ ಬಾಯಿ ತೆರೆದರು. ಈಗ ಗಂಜಿ ಕುಡಿಯುತ್ತಿದ್ದಾರೆ, ಗೋಡೆ ಹಿಡಿದು ಓಡಾಡುತ್ತಿದ್ದಾರೆ. ಕಣ್ಣು ಇನ್ನೂ ಗುಳಿಬಿದ್ದಿವೆ, ಹೆದರಬೇಡ.

ಈಗ ಏರಿ ಕಟ್ಟುತ್ತಿದ್ದೇವೆ. ಕಡಿದವರೇ ಮಣ್ಣು ಹೊರುತ್ತಿದ್ದಾರೆ. ನಿನ್ನ ಬೀದಿಯಲ್ಲಿ ಕೊಳಚೆ ಬಾಗಿಲ ಮುಂದೆ ನಿಂತು ನೊಣ ಗುಂಯ್‌ಗುಡುತ್ತಿದ್ದಾಗ ಬೇರೆ ದಾರಿ ಏನಿತ್ತು? ಗಾರೆ ತುಂಬಿದ ಕೊಳವೆಯನ್ನು ಅಗೆದು ತೆಗೆದು ಹೊಸದು ಹಾಕಿದ್ದಾಯಿತು. ನೀರು ದಿನ ಬಿಟ್ಟು ದಿನ ಮೇಲಿನ ಬೀದಿಗೆ ಅಂತ ತೀರ್ಮಾನ. ಜೊಂಡಿನ ಬುಡದಲ್ಲಿ ಹಸಿರು ಚಿಗುರು ಕಂಡಿದೆ. ನಿಮ್ಮ ಬೀದಿಯ ಒಬ್ಬ ನನ್ನನ್ನು ಹೇಲುಗಾವಲಿನ ಹೆಂಡತಿ ಅಂದ. ಅಂದವನ ಕೆನ್ನೆಗೆ ಅಂಗಡಿಯವನೇ ಹೊಡೆದ. ನನಗೆ ಅದೂ ಬೇಡವಾಗಿತ್ತು. ಹೊಡೆತದ ಸದ್ದು ಕೇಳಿದರೆ ಈಗ ಕೈಯಲ್ಲಿದ್ದದ್ದು ಕೆಳಗೆ ಬೀಳುತ್ತದೆ.

ಕ್ಷಮಿಸು ಅಂತ ಕೇಳಲು ಕೂತವಳಲ್ಲ ನಾನು. ನಾಳೆ ಮತ್ತೆ ಹಾಗೇ ಆದರೆ ಮತ್ತೆ ಹೊಡೆಯುತ್ತೇನೆ, ಅದು ಗೊತ್ತಿರುವುದರಿಂದಲೇ ನಿದ್ದೆ ಬರುವುದಿಲ್ಲ. ತೂಗುಗುಂಡು ಇಳಿಬಿಡದೆ ಗೋಡೆಯನ್ನು ಬರಿಗಣ್ಣಿನಲ್ಲಿ ನೆಟ್ಟಗೆ ಕಟ್ಟುತ್ತಿದ್ದ ಕೈ ಅದು. ನಾಯಿ ಕಚ್ಚಿದಾಗ ನನ್ನನ್ನು ಎತ್ತಿಕೊಂಡು ಓಡಿದ ಕೈ. ಮೂರು ಬೆರಳಲ್ಲಿ ಗಾರೆಯ ಕರಣೆ ಹಿಡಿಯುವವರು ಇದ್ದಾರಂತೆ, ಜೀಪಿನವನು ಒಬ್ಬರನ್ನು ನೋಡಿದ್ದಾನಂತೆ. ನೀನು ಹಿಡಿಯುತ್ತೀಯ. ತಂಗಿ ಕಡಿದಳು ಅಂತ ಹೇಳಲು ನಾಚಿಕೆಯಾಯಿತು ನಿನಗೆ, ಅದೂ ಗೊತ್ತು. ಗಂಡಸು ಹೊಡೆದ ಅಂದರೆ ಮೀಸೆ ಉಳಿಯುತ್ತದೆ. ಆದರೆ ಆ ಮೀಸೆಗೋಸ್ಕರ ಹೂಳು ತುಂಬಿದ ಎದೆ ಇಟ್ಟುಕೊಂಡು ಒಬ್ಬರು ಕಂಬಿಯ ಹಿಂದೆ ಕೆಮ್ಮುತ್ತಿದ್ದಾರೆ. ನೋಡಲು ಹೋದಾಗ, ನಿನ್ನಣ್ಣನ ಗಾಯ ಒಣಗಿತಾ ಅಂತ ಕೇಳಿದರು. ಗೊತ್ತಿಲ್ಲ, ಬರೆದು ಕೇಳುತ್ತೇನೆ ಅಂದೆ. ಬರುವ ಸೋಮವಾರ ನಿನ್ನನ್ನು ಕೋರ್ಟಿಗೆ ಕರೆಯುತ್ತಾರೆ. ಅಲ್ಲಿ ಏನು ಹೇಳಬೇಕು ಅಂತ ನಾನು ಹೇಳಿಕೊಡಬೇಕಾಗಿಲ್ಲ.

ಗಾಯಕ್ಕೆ ನೀರು ತಾಗಿಸಬೇಡ. ಕೊಟ್ಟ ಮಾತ್ರೆ ದಿಂಬಿನ ಕೆಳಗೆ ಬಚ್ಚಿಡಬೇಡ, ನಿನ್ನ ಚಾಳಿ ನನಗೆ ಗೊತ್ತು. ನಮ್ಮತ್ತೆ ನಿನ್ನನ್ನು ಬೈದು, ಆಮೇಲೆ ಚೆನ್ನಾಗಿರಲಿ ಅಂದಿದ್ದಾರೆ, ಎರಡನ್ನೂ ತಲುಪಿಸಿದ್ದೇನೆ.

ಇಂತಿ,
ನಿನ್ನ ಕೈ ಕಡಿದವಳು, ನಿನ್ನ ಕೈ ಹಿಡಿದು ನಡೆದವಳು,
ತಂಗಿ

ಮರೆತ ಮಾತು: ಮರೆತದ್ದಲ್ಲ, ಬರೆಯಲೋ ಬೇಡವೋ ಅಂತ ಇಷ್ಟು ಹೊತ್ತು ಒದ್ದಾಡಿದೆ. ಈ ಕಾಗದ ಒಯ್ಯಬೇಕಾದ ಬಸ್ಸು ಹೊರಡುತ್ತಿದೆ, ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ. ಅವತ್ತು ನೀನು ಇಳಿದು ಬಂದಾಗ ಅತ್ತಿಗೆ ನಿನ್ನನ್ನು ತಡೆಯಲು ಹಿಂದೆಯೇ ಬಂದಿದ್ದರಂತೆ. ಏರಿಯ ಮೇಲೆ ನಿಂತು ಎಲ್ಲ ನೋಡಿದ್ದಾರೆ, ನಿನ್ನ ಸಾಯ್ಲಿ ಅನ್ನುವ ಮಾತೂ ಕಿವಿಗೆ ಬಿದ್ದಿದೆ. ಸೋಮವಾರ ಕೋರ್ಟಿನಲ್ಲಿ ನಿನ್ನ ಎದುರಿಗೇ ನಿಂತು ಹೇಳುತ್ತಾರಂತೆ, ನಿನಗೆ ತಿಳಿಸಬೇಡ ಅಂತ ನನ್ನಿಂದ ಆಣೆ ಹಾಕಿಸಿಕೊಂಡಿದ್ದಾರೆ. ಅವರು ಹೇಳಿದರೆ ಸಾಕು, ನನ್ನ ಗಂಡ ಮನೆಗೆ ಬರುತ್ತಾರೆ, ನಿನ್ನನ್ನು ಬೇಡುವ ಅಗತ್ಯವೇ ನನಗಿಲ್ಲ. ಆದರೆ ಹೆಂಡತಿಯ ಬಾಯಲ್ಲಿ ಊರ ಮುಂದೆ ಅದನ್ನು ಕೇಳಿಸಿಕೊಂಡ ಮೇಲೆ ನೀವಿಬ್ಬರೂ ಒಂದು ಸೂರಿನ ಕೆಳಗೆ ಹೇಗೆ ಬಾಳುತ್ತೀರಿ? ಅದಕ್ಕೇ ಆಣೆ ಮುರಿದೆ. ಅವರಿಗಿಂತ ಮುಂಚೆ ನೀನೇ ಎದ್ದು ಹೇಳಿಬಿಡೋ ಅಣ್ಣಾ.